ದಾರ ಕಟ್ಟಿಟ್ಟ ಮಾತುಗಳು

೧೨ ಫೆಬ್ರವರಿ ೧೯೭೪, ಮಂಗಳವಾರ

ನಮ್ಮ ಪ್ರೆಸ್ಸಿನ ಬೈಂಡಿಂಗಿನಲ್ಲಿ ಮಿಕ್ಕ ಹಾಳೆಗಳನ್ನೆಲ್ಲ ಹೊಲಿದು ಈ ಪುಸ್ತಕ ಮಾಡಿಕೊಂಡೆ. ಗುಲಾಬಿ ಆದಮೇಲೆ ಹಳದಿ, ಹಳದಿ ಆದಮೇಲೆ ಕರಪತ್ರದ ಹಸಿರು. ಬರೆಯುವವನ ಬದುಕಿಗಿಲ್ಲದ ಬಣ್ಣ ಪುಸ್ತಕಕ್ಕಾದರೂ ಇರಲಿ. ಅಚ್ಚಾದದ್ದರ ಮೇಲೆಲ್ಲ ಮುದ್ರಕನ ಹೆಸರಿರಬೇಕೆಂದು ಕಾನೂನಿದೆ; ಆದ್ದರಿಂದ: ಲೇಖಕ, ಪ್ರಕಾಶಕ ಮತ್ತು ಏಕಮಾತ್ರ ಓದುಗ, ಮುಕ್ತಾರ್ ಅಹಮದ್, ಬಿ.ಎ., ಶಿಕಾರಿಪುರ. ಎಲ್ಲ ಹಕ್ಕುಗಳನ್ನೂ ಕಾದಿರಿಸಿದೆ, ಯಾರೂ ಕೇಳದಿದ್ದರೂ.

ಅಬ್ಬಾಗೆ ಲಕ್ವ ಹೊಡೆದು ತಿಂಗಳಾಯಿತು. ಬಲಗೈ ಎತ್ತಲಾಗದು, ಬಲಗಾಲು ಎಳೆಯುತ್ತದೆ. ಮಾತು ಹೋಯಿತು. ಪೂರ್ತಿ ಹೋಗಿದ್ದರೆ ಅದೊಂದು ರೀತಿ; ಒಂದೇ ಒಂದು ವಾಕ್ಯ ಉಳಿದಿದೆ. ಪ್ರೆಸ್ಸಿನ ಬಾಗಿಲಲ್ಲಿ ನಿಂತ ಗಿರಾಕಿಗಳಿಗೆಲ್ಲ ಇಷ್ಟು ವರ್ಷ ಹೇಳುತ್ತ ಬಂದದ್ದು: “ನಾಳೆ ಬರ್ರೀ, ರೆಡಿ ಇರ್ತೈತಿ.” ನೀರು ಬೇಕಾದರೂ ಅದೇ, ಬೆನ್ನು ನೋವಾದರೂ ಅದೇ. ಡಾಕ್ಟರು ‘ನಾಲಗೆ ಚಾಚಿ’ ಅಂದಾಗಲೂ ಅದೇ. ಪಾಪ, ಅವರು ಮಾರನೆಯ ದಿನ ನಿಜವಾಗಿಯೂ ಬಂದರು.

ಅಮ್ಮಿಗೆ ದುಃಖದ ಮೇಲೊಂದು ಸಿಟ್ಟು. “ಜೀವಮಾನವೆಲ್ಲ ನನ್ನ ಹತ್ತಿರ ಉರ್ದು ಆಡಿದ ಮನುಷ್ಯ. ಉಳಿಸಿಕೊಂಡದ್ದು ನೋಡು, ಗಿರಾಕಿಗಳ ಕನ್ನಡ!”

೧೯ ಫೆಬ್ರವರಿ, ಮಂಗಳವಾರ

ಮದುವೆಯ ಕಾಲ. ಶಿಕಾರಿಪುರದ ಸುತ್ತಮುತ್ತ ಹುಡುಗ ಹುಡುಗಿ ಅಂತ ಇದ್ದವರೆಲ್ಲ ನಮ್ಮ ಟ್ರೆಡಲ್ ಯಂತ್ರದ ಬಾಯಿಂದಲೇ ಗೃಹಸ್ಥರಾಗಿ ಹೊರಗೆ ಬೀಳಬೇಕು. ಅಬ್ಬಾ ಇದ್ದಾಗ (ಇದ್ದಾರೆ, ಕೆಲಸದಲ್ಲಿದ್ದಾಗ ಅಂತ ಓದಿಕೊಳ್ಳತಕ್ಕದ್ದು) ಪ್ರತಿ ಲಗ್ನಪತ್ರಿಕೆಯನ್ನೂ ಮೊದಲ ಶ್ರೀಕಾರದಿಂದ ಸೀಸದ ಅಕ್ಷರಗಳನ್ನು ಮೊಳೆ ಮೊಳೆಯಾಗಿ ಆರಿಸಿ ಜೋಡಿಸುತ್ತಿದ್ದರು. ಆಮೇಲೆ ಗಿರಾಕಿಯನ್ನು ಬೆಂಚಿನ ಮೇಲೆ ಕೂರಿಸಿ, ಚಹಾ ತರಿಸಿ, ಸಾಲು ಸಾಲೂ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಅಷ್ಟು ಹೊತ್ತಿಗೆ ಹುಡುಗಿಗೆ ಎರಡು ಮಕ್ಕಳಾಗಿರುತ್ತಿದ್ದವು.

ನಾನು ಸುಧಾರಣೆ ತಂದೆ. ಮದುವೆಯ ಕಾಗದವೆಂದರೆ ಹೆಸರು, ಊರು, ತಾರೀಖು ಬಿಟ್ಟರೆ ಉಳಿದದ್ದೆಲ್ಲ ಒಂದೇ ಹಾಡು. ‘ಗುರುಹಿರಿಯರು ನಿಶ್ಚಯಿಸಿರುವುದರಿಂದ’, ‘ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ’. ಒಮ್ಮೆ ಜೋಡಿಸಿದ ಸಾಲನ್ನು ಬಿಡಿಸದೆ, ಸುತ್ತ ದಾರ ಕಟ್ಟಿ, ನಂಬರ್ ಚೀಟಿ ಅಂಟಿಸಿ ಹಲಗೆಯ ಮೇಲಿಟ್ಟೆ. ಈಗ ಕಂಪೋಸಿಟರ್ ಯಲ್ಲಪ್ಪನಿಗೆ “ಒಂದು, ನಾಲ್ಕು, ಏಳು” ಅಂತ ಕೂಗಿದರೆ ಆಯಿತು. ಮದುವೆಗೆ ಏಳು ಹೆಜ್ಜೆ ಬೇಕಂತೆ, ನಮಗೆ ಮೂರು ನಂಬರು ಸಾಕು. ಇದೇ ನೋಡಿ ಅಚ್ಚುಕಟ್ಟು: ಅಚ್ಚು, ಅದಕ್ಕೊಂದು ಕಟ್ಟು. ನಮ್ಮೂರ ಹುಚ್ಚರಾಯನ ಕೆರೆಗೂ ಅಚ್ಚುಕಟ್ಟಿದೆ. ಅಲ್ಲಿ ಭತ್ತ ಬೆಳೆಯುತ್ತದೆ, ಇಲ್ಲಿ ಸಂಸಾರ.

ದಿನಚರಿಗೂ ಇದೇ ಪದ್ಧತಿ ತರುತ್ತೇನೆ. ನಂಬರ್ ೧: ಎದ್ದೆ, ಚಹಾ, ಪ್ರೆಸ್. ನಂಬರ್ ೨: ಅಬ್ಬಾ ಹಾಗೇ ಇದ್ದಾರೆ. ನಂಬರ್ ೩: ಅಮ್ಮಿ ಅತ್ತಳು.

೨೩ ಫೆಬ್ರವರಿ, ಶನಿವಾರ

೧, ೨, ೩.

೨೬ ಫೆಬ್ರವರಿ, ಮಂಗಳವಾರ

೧, ೨, ೩, ೩.

೩ ಮಾರ್ಚ್, ಭಾನುವಾರ

ಸ್ನಾನ ಮಾಡುವಾಗ ಹೊಳೆಯಿತು. ಕಾಗದಕ್ಕೆ ಕಟ್ಟುಗಳಾದರೆ ಮನುಷ್ಯನಿಗೆ ಯಾಕಾಗಬಾರದು? ಅಬ್ಬಾಗೆ ಬೇಕಾಗುವ ಮಾತುಗಳನ್ನೆಲ್ಲ ದೊಡ್ಡ ಮೊಳೆಯಲ್ಲಿ ಜೋಡಿಸಿ, ದಾರ ಕಟ್ಟಿ, ಚಿಕ್ಕ ಹಲಗೆಯಲ್ಲಿ ಮಲಗಿಸಿ ಅವರ ತೊಡೆಯ ಮೇಲಿಟ್ಟೆ. ನೀರು ಬೇಕು. ಸಾಕು. ನೋವಿದೆ. ಕಿಟಕಿ ತೆಗೆ. ಅಲ್ಲಾಹ್ ದೊಡ್ಡವನು. ನಿನ್ನ ಇಷ್ಟ. ಮೊಳೆಯ ಮೇಲಿನ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು, ಆದರೆ ಅಬ್ಬಾಗೆ ಜಗತ್ತು ನೆಟ್ಟಗೆ ಕಾಣುವುದೇ ಹಾಗೆ. ಎಡಗೈ ಬೆರಳಿಟ್ಟು ತೋರಿಸಿದರೆ ಮುಗಿಯಿತು.

ಮಾಜಿದಾ ಬಾಗಿಲಲ್ಲಿ ನಿಂತು ನೋಡಿದಳು. ನನ್ನ ತಂಗಿ, ನಗುವುದಕ್ಕೆ ಕಾರಣ ಬೇಕಿಲ್ಲ ಅವಳಿಗೆ.

“ಭಾಯ್, ನನ್ನ ಪಾಲಿಗೂ ಒಂದು ಹಲಗೆ ಮಾಡಿಕೊಡು. ಸೊರಬದಲ್ಲಿ ಅತ್ತೆ ಮುಂದೆ ಬೆರಳಿಡ್ತಾ ಇರ್ತೀನಿ. ‘ಆಯ್ತು’, ‘ಆಯ್ತು’, ‘ಆಯ್ತು’.”

“ಮೂರೂ ಒಂದೇ ಆಯ್ತಲ್ಲ!”

“ರಾಗ ಬೇರೆ ಇರ್ತದೆ. ಅಬ್ಬಾದೂ ಅಷ್ಟೇ. ನೀನು ಕಿವಿ ಕೊಡಲ್ಲ.”

ಬಿ.ಎ. ಆದವನಿಗೆ ರಾಗದ ಪಾಠ! ಇವಳ ಮದುವೆ ಅಬ್ಬಾ ಮಲಗುವ ಮೊದಲೇ ನಿಶ್ಚಯವಾಗಿತ್ತು: ಸೊರಬದ ಬಟ್ಟೆ ಅಂಗಡಿ ಕುತುಬುದ್ದೀನ್ ಸಾಹೇಬರ ಮಗ. ಮೇ ಹನ್ನೆರಡು, ನಮ್ಮ ಮನೆಯಲ್ಲೇ.

೭ ಮಾರ್ಚ್, ಗುರುವಾರ

ಸೊರಬದಿಂದ ಕುತುಬುದ್ದೀನ್ ಸಾಹೇಬರ ಕಾರ್ಡು. ನಿಕಾಹ್ ದಿನ ಹುಡುಗಿಯ ಕಡೆಯ ವಕೀಲ ಯಾರು? ವಕೀಲ ಅಂದರೆ ಕೋಟಿನವನಲ್ಲ. ಸಾಕ್ಷಿಗಳ ಜೊತೆ ಹುಡುಗಿಯ ಕೋಣೆಗೆ ಹೋಗಿ “ಇಂಥವರ ಮಗನನ್ನು, ಇಷ್ಟು ಮೆಹರಿಗೆ ಒಪ್ಪಿದೆಯಾ” ಅಂತ ಕೇಳಿ (ಮೆಹರು ಅಂದರೆ ಹುಡುಗ ಕೊಡುವ ವಧುಧನ), ಅವಳ ಒಪ್ಪಿಗೆಯನ್ನು ಖಾಜಿಯವರಿಗೆ ತಂದು ಮುಟ್ಟಿಸುವವನು. ನಮ್ಮಲ್ಲಿ ಅದು ತಂದೆಯ ಕೆಲಸ. ಮಗಳಿಗೆ ತಂದೆ ಕೇಳುವ ಕೊನೆಯ ಪ್ರಶ್ನೆ ಅಂತ ಅಬ್ಬಾ ಹಿಂದೊಮ್ಮೆ ಹೇಳಿದ್ದರು. ಈಗ ಕೋಣೆಗೆ ಹೋಗಿ “ನಾಳೆ ಬರ್ರೀ” ಅಂದರೆ? ಬಂದ ದಿಬ್ಬಣ ಎಲ್ಲಿ ಮಲಗಬೇಕು?

ಹಲಗೆ ಹಿಡಿದು ಅಬ್ಬಾ ಮುಂದೆ ಕೂತೆ. “ಅಬ್ಬಾ, ವಕೀಲನಾಗಿ ನಾನೇ ನಿಲ್ಲಲಾ?” ಬೆರಳು ಹಲಗೆಯ ಮೇಲೆ ಅಲೆದಾಡಿತು. ‘ನೋವಿದೆ’ ಹತ್ತಿರ ನಿಂತಿತು. ಸುಸ್ತಾಗಿತ್ತೇನೋ, ನಾನು ಮೆಲ್ಲಗೆ ಕೈ ಹಿಡಿದು ‘ನಿನ್ನ ಇಷ್ಟ’ದ ಕಡೆ ಸರಿಸಿದೆ. ಅಲ್ಲಿ ಇಟ್ಟರು. ಎಷ್ಟು ಸಲೀಸು! ಸಂಜೆಯ ಟಪ್ಪಾಲಿಗೇ ಸೊರಬಕ್ಕೆ ಬರೆದು ಹಾಕಿದೆ: ‘ತಂದೆಯವರು ಸಂತೋಷದಿಂದ ಸಮ್ಮತಿಸಿರುತ್ತಾರೆ.’

೧೦ ಮಾರ್ಚ್, ಭಾನುವಾರ

ಮಧ್ಯಾಹ್ನ ಊಟವಾದ ಮೇಲೆ ಕೆರೆಯ ಗಾಳಿಗೆ ಕಣ್ಣು ಹತ್ತಿ ಒಂದು ಕನಸು. ಶಿಕಾರಿಪುರವೆಲ್ಲ ಮೊಳೆಯಂತೆ ತಿರುಗುಮುರುಗಾಗಿದೆ. ಅಂಗಡಿ ಬೋರ್ಡುಗಳು ಉಲ್ಟಾ, ಕೆರೆ ಬಸ್‌ಸ್ಟ್ಯಾಂಡಿನ ಆ ಕಡೆ. ಜನ ಬಾಯಿ ತೆರೆದರೆ ಒಳಗೆ ದಾರ ಕಟ್ಟಿದ ಸಾಲುಗಳು ಮಲಗಿವೆ, ಸೀಸದ ಹೊಳಪು. ಎಲ್ಲರೂ ಸಕುಟುಂಬ ಸಪರಿವಾರ ಸಮೇತರಾಗಿ ನಡೆದು ಹೋಗುತ್ತಿದ್ದಾರೆ, ಯಾರೂ ಆಗಮಿಸುತ್ತಿಲ್ಲ. ನೀರಿನ ಅಂಚಿನಲ್ಲಿ ಅಬ್ಬಾ ಬಿಡಿ ಮೊಳೆಗಳನ್ನು ಮೀನಿಗೆ ಮಂಡಕ್ಕಿ ಹಾಕಿದ ಹಾಗೆ ಒಂದೊಂದೇ ಕೆರೆಗೆ ಹಾಕುತ್ತಿದ್ದರು. ಬಿದ್ದಲ್ಲಿ ಸದ್ದಿಲ್ಲ, ಬರೀ ಉಂಗುರ. ಆ ಉಂಗುರಗಳನ್ನು ಓದಲು ಬಗ್ಗಿದೆ, ಎಚ್ಚರವಾಯಿತು.

೧೪ ಮಾರ್ಚ್, ಗುರುವಾರ

ಯಲ್ಲಪ್ಪನ ದೂರು. “ಸಣ್ಣ ಸಾಹೇಬ್ರೆ, ದೀರ್ಘ ಖಾಲಿ.”

“ಹಾಗಾದರೆ ದೀರ್ಘಾಯುಷ್ಯ ಹಾರೈಸೋದು ಬಿಡು.”

“ನಗ್ಯಾಡ್ಬ್ಯಾಡ್ರಿ. ಶ್ರೀನೂ ಇಲ್ಲ, ಒತ್ತೂ ಇಲ್ಲ. ಎಲ್ಲಾ ನಿಮ್ಮ ಕಟ್ಟಿನೊಳಗೆ ಸಿಕ್ಕಾಕ್ಕಂಡು ಕೂತಾವೆ. ಯಾರಾದ್ರೂ ಹೊಸ ಮಾತು ತಂದ್ರೆ ಯಾವ ಅಕ್ಷರದಾಗೆ ಜೋಡಿಸ್ಲಿ?”

“ಮದುವೆಯಲ್ಲಿ ಹೊಸ ಮಾತು ಯಾರು ತರ್ತಾರೆ ಯಲ್ಲಪ್ಪ?”

೧೫ ಮಾರ್ಚ್, ಶುಕ್ರವಾರ

ತಂದರು. ಈಸೂರಿನ ಆನಂದಪ್ಪ, ಮಗಳ ಮದುವೆ ಮುಗಿಸಿ, ಹೆಗಲ ಮೇಲಿನ ಟವೆಲ್ಲನ್ನು ಕೈಯಲ್ಲಿ ತಿರುವುತ್ತ ಬಂದರು. ನಮ್ಮದೇ ಪತ್ರಿಕೆಯನ್ನು ಮೇಜಿನ ಮೇಲೆ ಬಡಿದರು.

“ಇದ್ಯಾರು ಹಾಕು ಅಂದಿದ್ರೋ ನಿಂಗೆ? ‘ಆಶೀರ್ವಾದವೇ ಉಡುಗೊರೆ’! ನಾನಂದಿದ್ನಾ?”

ಅದು ನಂಬರ್ ಏಳರ ಬಾಲ. ಶಿವಮೊಗ್ಗದ ಲಾಯರೊಬ್ಬರ ಮಗನ ಮದುವೆಗೆ ಜೋಡಿಸಿದ್ದು, ಚೆನ್ನಾಗಿದೆಯೆಂದು ಹಾಗೇ ಕಟ್ಟಿಟ್ಟಿದ್ದೆ.

“ಚೆನ್ನಾಗಿ ಕಾಣ್ತದೆ ಅಂತ ಆನಂದಪ್ಪನೋರೆ...”

“ಚೆಂದ ಕಾಣಾಕೆ ಅದೇನು ರಂಗೋಲಿನಾ? ಊರಾಗೆ ಯಾರ ಮನೆ ಮದುವೀಗೂ ಬರಿಗೈಲಿ ಹೋದೋನಲ್ಲ ನಾನು. ಸೀರೆ ಮುಯ್ಯಿ ಮಾಡೀನಿ, ತಾಮ್ರದ ಕೊಡ ಮುಯ್ಯಿ ಮಾಡೀನಿ. ಅದೆಲ್ಲ ನನ್ನ ಮಗಳ ಮದುವ್ಯಾಗೆ ತಿರುಗಿ ಬರಬೇಕಿತ್ತು. ಎಲ್ಲಾರೂ ಬಂದ್ರು, ಎರಡೂ ಕೈಲಿ ಅಕ್ಕಿಕಾಳು ಹಾಕಿದ್ರು, ಉಂಡ್ರು, ಹೋದ್ರು! ಯಾಕ್ರಪ್ಪ ಅಂದ್ರೆ, ‘ನೀನೇ ಅಚ್ಚು ಹಾಕ್ಸೀಯಲ್ಲ, ನಿನ್ನ ಮಾತು ಮೀರಾಕಾಗ್ತದಾ’ ಅಂತಾರೆ. ನನ್ನ ಹೆಂಡ್ತಿ ನನ್ನ ಜೊತಿ ಮಾತು ಬಿಟ್ಟಾಳೆ. ಅವಳ ಬಾಯಿಗೂ ಏನಾರ ಕಟ್ಟಿಟ್ಟಿದ್ರೆ ಕೊಡು, ಒಯ್ತೀನಿ.”

ಬೆಂಚಿನ ಮೇಲೆ ಕೂತಿದ್ದ ಅಬ್ಬಾ (ಈಗ ಮಧ್ಯಾಹ್ನ ಕರೆತಂದು ಕೂರಿಸುತ್ತೇವೆ) ತಲೆಯೆತ್ತಿ ಅಂದರು: “ನಾಳೆ ಬರ್ರೀ, ರೆಡಿ ಇರ್ತೈತಿ.”

ಆನಂದಪ್ಪ ಇನ್ನಷ್ಟು ಉರಿಯುತ್ತಾರೆ ಅಂದುಕೊಂಡೆ. ಆದರೆ ಅಬ್ಬಾ ಎಡಗೈ ಚಾಚಿ ಅವರ ಟವೆಲ್ಲಿನ ತುದಿ ಹಿಡಿದು, ಅದನ್ನೇ ಇನ್ನೊಮ್ಮೆ ನಿಧಾನಕ್ಕೆ, ತಗ್ಗಿದ ದನಿಯಲ್ಲಿ ಅಂದರು. ಆನಂದಪ್ಪ ಪಕ್ಕದಲ್ಲೇ ಕುಸಿದು ಕೂತರು.

“ನೀವ್ಯಾಕೆ ಬೇಜಾರು ಮಾಡ್ಕಂತೀರಿ ಸಾಹೇಬ್ರೆ. ನಿಮ್ಮ ತಪ್ಪಲ್ಲ ಬಿಡ್ರಿ.” ಆಮೇಲೆ ನನ್ನ ಕಡೆ ತಿರುಗಿ: “ಇವ್ರಾಗಿದ್ರೆ ಕೂರಿಸ್ಕಂಡು ಓದಿ ಹೇಳ್ತಿದ್ರು. ‘ಆನಂದಪ್ಪ, ಇದು ನಿನ್ನ ಮಾತೇನಪ್ಪ’ ಅಂತ ಒಂದ್ಸಲ ಕೇಳ್ತಿದ್ರು.”

ಚಹಾ ಕುಡಿದು ಎದ್ದರು. ಬಾಗಿಲಲ್ಲಿ ನಿಂತು, “ಮೊಮ್ಮಗ ಹುಟ್ಲಿ. ತೊಟ್ಟಿಲ ಕಾಗದದಾಗೆ ಹಾಕು: ಹೋದ ಸಲದ ಆಶೀರ್ವಾದ ಇನ್ನೂ ಮಿಕ್ಕೈತಿ, ಈ ಸಲ ಬ್ಯಾರೆ ಏನಾರ ತರ್ರಿ.”

ಪತ್ರಿಕೆ ಬರೆಯುವುದರಲ್ಲಿ ಆತ ನನಗಿಂತ ಮೇಲು. ಆದರೆ ಒಂದು ಗೊತ್ತಾಗಲಿಲ್ಲ: ಅಬ್ಬಾ ಕ್ಷಮೆ ಕೇಳಿದರು ಅಂತ ಆತನಿಗೆ ಹೇಗೆ ತಿಳಿಯಿತು?

೧೬ ಮಾರ್ಚ್, ಶನಿವಾರ

ಬೆಳಿಗ್ಗೆ ಪ್ರೆಸ್ಸಿಗೆ ಬಂದರೆ, ಯಲ್ಲಪ್ಪನ ಜೊತೆ ಇವತ್ತು ಮೊದಲೇ ಬಂದು ಕೂತಿದ್ದ ಅಬ್ಬಾ ತೊಡೆಯ ಮೇಲೆ ನಾನು ಮಾಡಿಕೊಟ್ಟ ಹಲಗೆ. ಎಡಗೈಯಿಂದಲೂ ಹಲ್ಲಿನಿಂದಲೂ ದಾರ ಬಿಚ್ಚುತ್ತಿದ್ದಾರೆ. ಮೊದಲು ಬಿಚ್ಚಿದ್ದು ‘ನಿನ್ನ ಇಷ್ಟ’. ಒಂದೊಂದೇ ಮೊಳೆ ಎತ್ತಿ, ಬೆರಳ ತುದಿಯಲ್ಲಿ ತಡವಿ, ಅಕ್ಷರದ ಕೇಸಿನ ಅದರದರ ಗೂಡಿಗೆ ಹಾಕುತ್ತಿದ್ದಾರೆ. ಒಂದೂ ತಪ್ಪಲಿಲ್ಲ. ಜೋಡಿಸಲು ಬಾರದು, ಈ ವಾರವೆಲ್ಲ ಯಲ್ಲಪ್ಪ ಅವರ ಕೈಲಿ ಮಾಡಿಸಿ ನೋಡಿದ್ದಾನೆ, ಅಕ್ಷರಗಳು ಗಲಿಬಿಲಿಯಾಗುತ್ತವೆ. ಆದರೆ ಬಿಡಿಸಿ ಮನೆ ಸೇರಿಸುವುದು ಕೈಗೆ ಗೊತ್ತಿದೆ.

“ಅಬ್ಬಾ, ಅದು ನಿಮಗೋಸ್ಕರ ಮಾಡಿದ್ದು!” ಅಂದೆ.

ನನ್ನನ್ನು ನೋಡಿದರು. ಹೇಳಿದರು. ಅದೇ ವಾಕ್ಯ; ಆದರೆ ನಾನು ಚಿಕ್ಕವನಿದ್ದಾಗ ಶಾಯಿಯ ಡಬ್ಬಿ ಚೆಲ್ಲಿದ ದಿನ ಬೈದ ಹಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಹಲಗೆ ಖಾಲಿ. ಆಮೇಲೆ ಮದುವೆಯ ಕಟ್ಟುಗಳಿಗೆ ಕೈ ಹಾಕಿದರು. ಯಲ್ಲಪ್ಪ ತಡೆಯಲಿಲ್ಲ, ದೀರ್ಘಗಳು ವಾಪಸ್ಸು ಬರುವುದನ್ನು ನೋಡುತ್ತ ನಿಂತಿದ್ದ. ನಾನೂ ತಡೆಯಲಿಲ್ಲ. ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಸೀಸದ ಧೂಳು, ಮೊಳೆ ಗೂಡಿಗೆ ಬೀಳುವ ಸಣ್ಣ ಸದ್ದು. ಯಾಕೋ ಎದ್ದು ಹೋಗಲು ಮನಸ್ಸಾಗಲಿಲ್ಲ.

೨ ಏಪ್ರಿಲ್, ಮಂಗಳವಾರ

ಕೆಲಸ ನಿಧಾನ. ಒಂದು ದಿನಕ್ಕೆ ಆಗುತ್ತಿದ್ದದ್ದಕ್ಕೆ ಮೂರು ದಿನ. ಗಿರಾಕಿಗಳಿಗೆ ಓದಿ ಹೇಳುತ್ತಿದ್ದೇನೆ. ಹೊಸಬಾಳೆಯ ವರದಮ್ಮ ಎನ್ನುವವರು ಮಗನ ಪತ್ರಿಕೆಯಲ್ಲಿ ‘ದಿವಂಗತ’ ಅನ್ನುವುದನ್ನು ಕೇಳಿ, “ಅದು ಬ್ಯಾಡ. ಅವರ ಹೆಸರು ಬರೀ ಸಾಕು. ಮದುವೆ ದಿನ ಆದ್ರೂ ಇರ್ಲಿ” ಅಂದರು. ತೆಗೆದೆ.

ಅಮ್ಮಿ ಇವತ್ತು ಕೇಳಿದಳು, ಸೊರಬಕ್ಕೆ ಏನು ಬರೆದಿದ್ದೆ ಅಂತ. ಹೇಳಿದೆ. ಬೆರಳು ಸರಿಸಿದ್ದನ್ನೂ ಹೇಳಿದೆ. ಅವಳು ಅಳಲಿಲ್ಲ. “ಸೊರಬಕ್ಕೆ ಹೋಗಿ ಬಾ” ಅಂದಳು.

೯ ಏಪ್ರಿಲ್, ಮಂಗಳವಾರ — ಸೊರಬ

ಶಿರಾಳಕೊಪ್ಪ ದಾಟಿದ ಮೇಲೆ ಬಸ್ಸಿನ ಕಿಟಕಿಯಲ್ಲಿ ಬಯಲು ಮೆಲ್ಲಗೆ ಕಾಡಾಗುತ್ತ ಬಂತು. ಒಳಗೆ ಎಲ್ಲರೂ ತೂಕಡಿಸುತ್ತಿದ್ದರು, ಕಂಡಕ್ಟರನೂ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ; ಅಂಗಡಿಯ ಮೆಟ್ಟಿಲು ಹತ್ತುವಾಗ ಎಲ್ಲ ಚೆಲ್ಲಿಹೋಯಿತು.

“ವಕೀಲನಾಗಿ ಅಬ್ಬಾನೇ ನಿಲ್ತಾರೆ” ಅಂದುಬಿಟ್ಟೆ.

ಕುತುಬುದ್ದೀನ್ ಸಾಹೇಬರು ಅಳೆಯುತ್ತಿದ್ದ ಬಟ್ಟೆ ಕೆಳಗಿಟ್ಟರು. “ಅವರು ಒಪ್ಪಿದ್ದಾರೆ ಅಂತ ನೀನೇ ಕಾರ್ಡು ಹಾಕಿದ್ಯಲ್ಲ ಮಾರಾಯ?”

“ಒಪ್ಪಿದ್ದು ನಾನು. ಅವರ ಬೆರಳು ಹಿಡಿದು.”

“ಹಾಗಲ್ಲ ಮಾರಾಯ, ಸಿಟ್ಟಿಲ್ಲ ನನಗೆ. ನಿನ್ನ ತಂದೆ ಗುಲಾಬ್ ಸಾಬರ ಮೇಲೆ ಗೌರವ ಇದೆ. ಆದ್ರೆ ಕೇಳ್ಬೇಕಾದ್ದು ಸರಿಯಾಗಿ ಕೇಳದೆ ಹೋದ್ರೆ, ನಾಳೆ ಜಮಾತಿನಲ್ಲಿ ಯಾರಾದ್ರೂ ‘ಇದು ನಿಕಾಹೇ ಅಲ್ಲ’ ಅಂದ್ರೆ, ಮಾತು ಬೀಳೋದು ಯಾರ ಮೇಲೆ? ನಿನ್ನ ತಂಗಿ ಮೇಲೆ. ಆಗ ಮದುವೆ ಮುಂದಕ್ಕೆ ಹಾಕೋದೇ ವಾಸಿ ಅನ್ನಿಸ್ತದೆ.”

ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಕೆಳಗಿಟ್ಟ ಬಟ್ಟೆಯ ಅಂಚನ್ನು ಮಡಿಸಿಕೊಟ್ಟೆ. ಅವರು ಇನ್ನೊಂದು ತುದಿ ಹಿಡಿದು ಥಾನಿಗೆ ಸುತ್ತಿದರು.

“ಬಂದು ನೋಡ್ತೀನಿ” ಅಂದರು ಕೊನೆಗೆ.

೨೧ ಏಪ್ರಿಲ್, ಭಾನುವಾರ

ಬಂದರು. ಅಬ್ಬಾ ಪಕ್ಕ ಕೂತು ಊಟ ಮಾಡಿದರು, ಅಂಗಡಿಯ ಸುದ್ದಿ ಹೇಳಿದರು. ಅಬ್ಬಾ ಎಲ್ಲದಕ್ಕೂ ಉತ್ತರಿಸಿದರು. ಸಾಹೇಬರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದರು.

“ಅವರೇ ಹೋಗಲಿ. ಆದ್ರೆ ಸಾಕ್ಷಿಯಾಗಿ ನೀನು ಪಕ್ಕದಲ್ಲಿರು. ಇನ್ನೊಬ್ಬ ಸಾಕ್ಷಿ ನನ್ನಣ್ಣ. ಬಾಯಿಗೆ ಮಾತು ಬಾರದಿದ್ರೆ ನೀನು ಕೂಡಲೇ ಕೇಳಿಬಿಡಬೇಕು. ಮಾತು ಕೊಡು.”

ಕೊಟ್ಟೆ.

೪ ಮೇ, ಶನಿವಾರ

ಮನೆ ತುಂಬ ಜನ. ಅಬ್ಬಾ ಬೆಳಿಗ್ಗೆ ಅದೇ ವಾಕ್ಯದಲ್ಲಿ ಕಿಟಕಿ ತೆಗೆಯಲು ಹೇಳಿದರು. ಯಲ್ಲಪ್ಪನ ಹೆಂಡತಿಯ ಜ್ವರ ಹೇಗಿದೆ ಅಂತ ವಿಚಾರಿಸಿದರು. ಸಂಜೆ ಮಾಜಿದಾಳ ಗೋರಂಟಿ ಚೆನ್ನಾಗಿ ಬಣ್ಣ ಬಿಟ್ಟಿದೆ ಅಂದು, ಆಮೇಲೆ ತುಂಬ ಹೊತ್ತು ಗೋಡೆ ನೋಡುತ್ತ ಕೂತರು. ನಾನು ಪಕ್ಕದಲ್ಲಿದ್ದೆ. ಬರೆಯುವಂಥದ್ದು ಬೇರೇನೂ ಇಲ್ಲ.

೧೨ ಮೇ, ಭಾನುವಾರ

ಸೊರಬದ ಜನ ಬೆಳಿಗ್ಗೆಯೇ ಬಂದರು. ಚಪ್ಪರದ ಕೆಳಗೆ ಖಾಜಿಯವರು, ಅವರ ಮುಂದೆ ಹುಡುಗ. ನಾವು ಮೂವರು ಒಳಕೋಣೆಗೆ ಹೋದೆವು: ಕೋಲೂರಿಕೊಂಡು ಅಬ್ಬಾ, ಕುತುಬುದ್ದೀನ್ ಸಾಹೇಬರ ಅಣ್ಣ, ನಾನು.

ಮಾಜಿದಾ ಕೆಂಪು ದುಪಟ್ಟಾದೊಳಗೆ ತಲೆ ತಗ್ಗಿಸಿ ಕೂತಿದ್ದಳು. ಪಕ್ಕದಲ್ಲಿ ಅಮ್ಮಿ. ಅಬ್ಬಾ ಎದುರಿಗೆ ನಿಂತರು. ಬಾಯಿ ತೆರೆದರು. ನಾಲಗೆ ಮೇಲೆ ಹೋಗುವುದು ನನಗೆ ಕಂಡಿತು. ಆ ವಾಕ್ಯದ ಮೊದಲ ಅಕ್ಷರ, ‘ನಾ’. ಅವರಿಗೂ ಗೊತ್ತಾಯಿತು. ತುಟಿ ಬಿಗಿದು ಮುಚ್ಚಿಕೊಂಡುಬಿಟ್ಟರು. ಕತ್ತಿನ ನರ ಉಬ್ಬಿತು. ಹೊರಗೆ ಪಾತ್ರೆಯ ಸದ್ದು, ಯಾರೋ ಮಗುವನ್ನು ಗದರುತ್ತಿದ್ದರು. ಅಣ್ಣನವರು ನನ್ನ ಮೊಣಕೈ ತಿವಿದರು. ಪ್ರಶ್ನೆ ನನ್ನ ಬಾಯಲ್ಲಿ ಸಿದ್ಧವಿತ್ತು, ಹೆಸರು, ಮೆಹರು ಎಲ್ಲ ಸಮೇತ. ಮಾತು ಬೇರೆ ಕೊಟ್ಟಿದ್ದೆ. ಯಾಕೆ ಆಡಲಿಲ್ಲವೋ ಗೊತ್ತಿಲ್ಲ.

ಅಬ್ಬಾ ಕೋಲನ್ನು ಅಮ್ಮಿಯ ಕೈಗೆ ಕೊಟ್ಟರು. ಓಲಾಡುತ್ತ ಬಗ್ಗಿ, ಎಡಗೈಯಿಂದ ಮಾಜಿದಾಳ ಗದ್ದ ಹಿಡಿದು ಮುಖವೆತ್ತಿದರು. ನೋಡಿದರು. ಅವಳೂ ನೋಡಿದಳು. ಎಷ್ಟು ಹೊತ್ತೋ.

“ಹೂಂ ಅಬ್ಬಾ” ಅಂದಳು. “ಒಪ್ಪಿದೀನಿ.”

ಅಣ್ಣನವರು ಗಂಟಲು ಸರಿಮಾಡಿಕೊಂಡರು. “ಅವರು ಏನೂ ಕೇಳಲೇ ಇಲ್ಲವಲ್ಲ ಮಗಾ.”

“ಪ್ರಶ್ನೆ ನನಗೆ, ಚಾಚಾ. ನನಗೆ ಅರ್ಥ ಆಯ್ತು, ಉತ್ತರ ಕೊಟ್ಟೆ. ಉತ್ತರ ನಿಮಗೆ ಕೇಳಿಸ್ತಲ್ಲ?”

ಅವರು ನನ್ನ ಮುಖ ನೋಡಿದರು. “ನೀನು ಒಂದ್ಸಲ ಕೇಳಿಬಿಡು ಮುಕ್ತಾರ್. ಮುಗಿದುಹೋಗಲಿ.”

“ಮುಗೀತಲ್ಲ ಚಾಚಾ” ಅಂದೆ.

ವಯಸ್ಸಾದವರು. ಅಬ್ಬಾರನ್ನು ನೋಡಿದರು, ಮಾಜಿದಾಳನ್ನು ನೋಡಿದರು, ಟೋಪಿ ಸರಿಮಾಡಿಕೊಂಡರು. ನನಗಿಂತ ಮೊದಲು ಹೊರಗೆ ನಡೆದರು. ಚಪ್ಪರದಲ್ಲಿ ಎಲ್ಲ ತಲೆಗಳೂ ತಿರುಗಿದವು, ಕುತುಬುದ್ದೀನ್ ಸಾಹೇಬರು ಎದ್ದೇ ನಿಂತರು.

ಅಣ್ಣನವರು ಖಾಜಿಯವರಿಗೆ, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು: “ಹುಡುಗಿ ಒಪ್ಪಿದಾಳೆ. ಕೇಳಿದ್ದು ಅವಳ ತಂದೆ. ನಾನು ಸಾಕ್ಷಿ.”

ನಾನೂ ಸಾಕ್ಷಿ ಅಂದೆ.

ವಕೀಲರು ಎಲ್ಲಿ ಅಂತ ಖಾಜಿಯವರು ಕೇಳಿದರು. ಅಬ್ಬಾ ಇನ್ನೂ ಒಳಗೇ ಇದ್ದರು. ಯಾರೋ ಕರೆಯಲು ಎದ್ದರು. ಖಾಜಿಯವರೇ “ಅವರಾಗೇ ಬರಲಿ” ಅಂತ ಕೈಸನ್ನೆಯಿಂದ ಕೂರಿಸಿದರು. ಹುಡುಗ ಕಾದ, ದಿಬ್ಬಣ ಕಾಯಿತು, ದಮ್ಮಿನ ಮೇಲಿದ್ದ ಬಿರಿಯಾನಿಯೂ ಕಾಯಿತು. ಚಪ್ಪರದ ಮಾವಿನೆಲೆಗಳ ಸಂದಿಯಿಂದ ಬಿಸಿಲು ಚಾಪೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಅಲುಗಾಡುತ್ತಿತ್ತು.